ಹತ್ತನೆಯ ಬಿಲ್ಲೆ

ಅಕ್ಕ ಟೈಲರ್. ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸುತ್ತೇನೆಂದು ಕೇಳಿದವರಿಗೂ ಕೇಳದವರಿಗೂ ಹೇಳುವವಳು. ತಮ್ಮನ ಆಪರೇಷನ್ನಿನ ದಿನ ಅವಳನ್ನು ಎಡವಿಸಿದ್ದೂ ಅದೇ ಹೆಮ್ಮೆ.

ಹಿಂದಿನ ದಿನ ತಮ್ಮನ ತಲೆ ಬೋಳಿಸಿ, ಹತ್ತು ಪುಟ್ಟ ಬಿಲ್ಲೆ ಅಂಟಿಸಿ ಸ್ಕ್ಯಾನ್ ಮಾಡಿದ್ದರು. ಬಿಲ್ಲೆಗಳನ್ನು ಸ್ಕ್ಯಾನಿನ ಚಿತ್ರಕ್ಕೆ ಹೊಂದಿಸಿಕೊಂಡು, ಮಿದುಳಿನ ಗೆಡ್ಡೆಗೆ ದಾರಿ ತೋರಿಸುವುದು ಕಂಪ್ಯೂಟರಿನ ಕೆಲಸ. "ಇವನ್ನ ಮುಟ್ಟಲೇಬೇಡಿ," ಎಂದು ಟೆಕ್ನಿಷಿಯನ್ ಸಾರಿ ಸಾರಿ ಹೇಳಿದ್ದಳು.

ಬೆಳಿಗ್ಗೆ ಬನಿಯನ್ ತೆಗೆಸುವಾಗ ಕಿವಿಯ ಹಿಂದಿನ ಬಿಲ್ಲೆ ಕಿತ್ತು ಬಂತು. ಅಕ್ಕ ಹಿಂದೆಮುಂದೆ ನೋಡದೆ ಅದನ್ನು ಇದ್ದಲ್ಲಿಗೇ ಒತ್ತಿದಳು, ಇದ್ದಲ್ಲಿಗೇ ಎಂದು ತಾನು ನಂಬಿದ ಕಡೆ.

"ಬೋಳುತಲೆಗೂ... ಗುಂ... ಗುಂಡಿ ಹಾಕ್ತೀಯೇನೇ?" ಎಂದ ತಮ್ಮ. ಗೆಡ್ಡೆ ಮಾತಿನ ಜಾಗದ ಮಗ್ಗುಲಲ್ಲೇ ಕೂತಿತ್ತು. ಮಾತಿಗೆ ತಡಕಾಡಿದರೂ ತಮಾಷೆ ಬಿಟ್ಟಿರಲಿಲ್ಲ ಮಹಾರಾಯ.

ಅವನನ್ನು ಒಳಗೆ ಕರೆದೊಯ್ದು ಒಂದು ಗಂಟೆಯಾಗಿರಬಹುದು, ಟೆಕ್ನಿಷಿಯನ್ ಹೊರಗೆ ಬಂದಳು. "ಒಂದು ಬಿಲ್ಲೆ ಚಿತ್ರಕ್ಕೆ ಹೊಂದ್ತಾನೇ ಇಲ್ಲ. ಯಾರಾದ್ರೂ ಮುಟ್ಟಿದ್ರಾ?"

ಇಲ್ಲ ಎಂಬ ಮಾತು ಅಕ್ಕನ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಒಳಗೆ ಮಲಗಿದ್ದವನು ಒಡಹುಟ್ಟಿದವನು.

"ನಾನೇ... ಬಿದ್ದೋಯ್ತು ಅಂತ ಅಂಟಿಸ್ಬಿಟ್ಟೆ."

"ಹೇಳಿದ್ದು ಒಳ್ಳೇದಾಯ್ತು ಅಕ್ಕಾ. ಅದನ್ನ ಬಿಟ್ಟು ಉಳಿದ ಒಂಬತ್ತರಲ್ಲಿ ಹೊಂದಿಸ್ತೀವಿ."

ಮುಂದಿನ ಆರು ಗಂಟೆ ಅಕ್ಕ ಬೆಂಚಿನ ಮೇಲೆ ಕೂತು ತನ್ನ ಕೈಗೆ ಹಿಡಿಶಾಪ ಹಾಕಿದಳು. ಕೊನೆಗೆ ಡಾಕ್ಟರ್ ಟೋಪಿ ತೆಗೆಯುತ್ತಾ ಬಂದು ಪಕ್ಕದಲ್ಲೇ ಕೂತರು.

"ಎಚ್ಚರ ಆಗಿದೆ, ಮಾತಾಡ್ತಿದಾನೆ. ಆದ್ರೆ ಅರ್ಧ ಗೆಡ್ಡೆ ಒಳಗೇ ಉಳೀತು ಕಣಮ್ಮ. ಮಾತಿನ ಜಾಗದೊಳಗೇ ಹಬ್ಬಿಬಿಟ್ಟಿದೆ, ತೆಗೆಯೋ ಹಾಗಿಲ್ಲ. ಇನ್ನೊಂದು ವರ್ಷ ಸಿಕ್ಕಿದ್ರೆ ಹೆಚ್ಚು."

"ನನ್ನಿಂದ್ಲೇ ಅಲ್ವಾ ಡಾಕ್ಟ್ರೇ? ಆ ಬಿಲ್ಲೆಯಿಂದ?"

"ಖಂಡಿತಾ ಅಲ್ಲ. ಕಂಪ್ಯೂಟರ್ ಸರಿಯಾಗೇ ತೋರಿಸ್ತು. ಸರಿಯಾಗಿ ತೋರಿಸಿದ್ದಕ್ಕೇ ನಾನು ಕೈ ತಡೆದೆ. ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ."

ಬೇರೆ ಯಾರಾದರೂ ಆಗಿದ್ದರೆ ನಿಟ್ಟುಸಿರು ಬಿಡುತ್ತಿದ್ದರೇನೋ. ಅಕ್ಕ ಕುಸಿದೇಹೋದಳು. ತಪ್ಪು ತನ್ನದಾಗಿದ್ದರೆ ತಿದ್ದುವುದಕ್ಕೆ ಒಂದು ದಾರಿಯಾದರೂ ಇರುತ್ತಿತ್ತು.

"ತಪ್ಪು ನಂದೇ ಡಾಕ್ಟ್ರೇ, ನಂದೇ ಅನ್ನಿ," ಎಂದು ಅವರ ಎರಡೂ ಕೈ ಹಿಡಿದುಕೊಂಡಳು. "ಇನ್ನೊಂದ್ಸಲ ಬಿಲ್ಲೆ ಅಂಟಿಸಿ ನೋಡಿ. ಈ ಸಲ ನಾನು ಹತ್ರಾನೂ ಬರಲ್ಲ."