ಕರಿಯಕ್ಕನ ಬೆರಳಿನ ಸುಣ್ಣ

ಎಲೆಗೆ ಸುಣ್ಣ ಸವರಿದ ಮೇಲೆ ಬೆರಳಿಗೆ ಉಳಿಯುವ ಸುಣ್ಣವನ್ನು ಎಲ್ಲಿ ಒರೆಸಬೇಕು ಎಂಬುದು ನಾಡಿನ ಭವಿಷ್ಯಕ್ಕೆ ಸಂಬಂಧಪಟ್ಟ ಪ್ರಶ್ನೆ. ಓದುಗರು ಹಗುರವಾಗಿ ತೆಗೆದುಕೊಳ್ಳಬಾರದು. ಕಾನಹೊಸಹಳ್ಳಿ ಕಡೆಯ ನಮ್ಮ ಊರಿನಲ್ಲಿ ಕರಿಯಕ್ಕ ಅದನ್ನು ಹೊಸ ಅಂಗನವಾಡಿಯ ಕಂಬಕ್ಕೆ ಒರೆಸಿದಳು. ವಿಜ್ಞಾನಕ್ಕೆ ಜಯವಾಯಿತು.

ಆ ಕಟ್ಟಡಕ್ಕೆ ಬಾಂಡ್ಲಿ ಹೊತ್ತವಳೂ ಅವಳೇ. ಸಿಮೆಂಟು ತಿಂದು ಅಂಗೈ ಒಡೆದಿತ್ತು. ಸಾರು-ಅನ್ನ ಕಲಸಿದರೆ ಉಪ್ಪು ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಮೊಮ್ಮಗಳು ಅಮೃತಾ, ನಾಲ್ಕು ವರ್ಷದವಳು, ಎದುರು ಕೂತು ತುತ್ತು ಹಾಕುತ್ತಿದ್ದಳು. ಅರ್ಧ ಬಾಯಿಗೆ, ಅರ್ಧ ಸೀರೆಗೆ.

ಕಾಂಕ್ರೀಟು ಹಾಕಿದ ಮೇಲೆ ಅದಕ್ಕೆ ದಿನಾ ನೀರುಣಿಸುವ ಕೆಲಸವಿರುತ್ತದೆ. ತಲೆಯ ಮೇಲೆ ಭಾರವಿಲ್ಲದ ಕೂಲಿ ಅದೊಂದೇ. ಹೆಂಗಸರು ಅದಕ್ಕಾಗಿಯೇ ಮುಂಚಿನ ಕೆಲಸವನ್ನೆಲ್ಲ ಹಲ್ಲು ಕಚ್ಚಿ ಮಾಡುತ್ತಾರೆ. ಆದರೆ ಗುತ್ತಿಗೆದಾರ ಬೆನಕಪ್ಪ ಬಂದು ಹೇಳಿದ:

"ನಾಳಿಂದ ಯಾರೂ ಬರಬ್ಯಾಡ್ರಿ. ಇದು ಹುಳದ ಕಾಂಕ್ರೀಟು. ಬಿರುಕು ಬಿಟ್ರ ತಾನ ಮುಚ್ಚಿಕೊಂತೈತಿ."

"ಹುಳ ಕೂಲಿ ಕೇಳಂಗಿಲ್ಲೇನ್ರಿ?" ಎಂದಳು ಕರಿಯಕ್ಕ.

"ಕೇಳಂಗಿಲ್ಲ. ನಿಮ್ಮಂಗ ಎದುರು ಮಾತೂ ಆಡಂಗಿಲ್ಲ."

ಹುಳ ಅಂದರೆ ಬ್ಯಾಕ್ಟೀರಿಯಾ. ಅದರ ಬಗ್ಗೆ ಕೆಟ್ಟ ಮಾತಾಡಲಾರೆ. ಕಾಂಕ್ರೀಟಿನೊಳಗೆ ವರ್ಷಗಟ್ಟಲೆ ನಿದ್ದೆ ಮಾಡುತ್ತದೆ. ಬಿರುಕು ಬಿಟ್ಟು ನೀರು ಇಳಿದರೆ ಏಳುತ್ತದೆ, ಜೊತೆಗೆ ಕಲಸಿಟ್ಟ ಆಹಾರ ತಿನ್ನುತ್ತದೆ, ಸುಣ್ಣದ ಕಲ್ಲು ಮಾಡಿ ಬಿರುಕು ತುಂಬುತ್ತದೆ. ತಿಂದದ್ದಕ್ಕೆ ಸರಿಯಾಗಿ ಕೆಲಸ ಮಾಡುವ ಜೀವ. ಕಟ್ಟಡ ಇಲಾಖೆಯ ಸುತ್ತಮುತ್ತ ಅಂಥದ್ದು ಅಪರೂಪ. ತೊಂದರೆ ಇಷ್ಟೇ: ಅದನ್ನು ಕಾಂಕ್ರೀಟಿಗೆ ಹಾಕಬೇಕು.

"ಹುಳದ ಚೀಲ ಒಂದ ಒಡದಿದ್ದು ನಾನು," ಎಂದು ಮೇಸ್ತ್ರಿ ಪಾಲಣ್ಣ ಚಹದಂಗಡಿಯಲ್ಲಿ ಹೇಳಿದ. "ಅದೂ ಫೋಟೋ ಹೊಡ್ಕಳ್ಳಾಕ. ಉಳಿದ ಚೀಲ ಹಂಗ ಟ್ರ್ಯಾಕ್ಟರ್ ಹತ್ತಿ ಹೋದ್ವು."

"ಎಲ್ಲಿಗಿ?"

"ಹುಳಕ್ಕ ಗೊತ್ತು."

ಮಕ್ಕಳು ಒಳಗೆ ಬಂದ ಮೊದಲ ಬೇಸಿಗೆಗೇ ಬಾಗಿಲ ಪಕ್ಕದ ಕಂಬ ಸೀಳಿತು. ಸೀಳು ಮೇಲೆ ಹೋಗಿ ತೊಲೆಯನ್ನು ಹಿಡಿಯಿತು. ತೊಲೆಯ ಕೆಳಗೆ ಮಕ್ಕಳು ಸಾಲಾಗಿ ಕೂತು ಉಣ್ಣುತ್ತಿದ್ದರು. ಮೊದಲು ಅಮೃತಾಳ ತಟ್ಟೆಗೆ ಪುಡಿ ಬಿತ್ತು. ಆಮೇಲೆ ಚಕ್ಕೆ ಬಿತ್ತು.

ಕಾರ್ಯಕರ್ತೆ ಪುಷ್ಪಲತಾ ಬೆನಕಪ್ಪನಿಗೆ ಫೋನು ಮಾಡಿದಳು. "ಮುಟ್ಟಬ್ಯಾಡ್ರಿ ಮೇಡಂ, ಹುಳ ಕೆಲಸ ನಡಸ್ಯಾವ," ಎಂದ.

ಕರಿಯಕ್ಕನಿಗೆ ಈಗ ಕೂಲಿ ಇರಲಿಲ್ಲ, ಹೊತ್ತು ಬೇಕಾದಷ್ಟಿತ್ತು. ದಿನಾ ಬಂದು ಆ ಕಂಬಕ್ಕೊರಗಿ ಕೂರುವಳು. ಕಣ್ಣು ತೊಲೆಯ ಮೇಲೆ, ಕಿವಿ ಮೊಮ್ಮಗಳ ಮೇಲೆ. ಎಲೆ ಮಡಿಸುವಳು, ಬೆರಳನ್ನು ಸೀಳಿಗೆ ಎಳೆಯುವಳು. ಕಂಬ ಕಂಡಲ್ಲಿ ಸುಣ್ಣ ಒರೆಸುವುದು ನಮ್ಮ ಕಡೆಯ ಕೈಗಳ ಗುಣ, ಅದಕ್ಕೆ ಯಾರೂ ಯೋಚನೆ ಮಾಡುವುದಿಲ್ಲ. ಉಳಿದ ಅಜ್ಜಿಯರೂ ಅಲ್ಲೇ ಒರೆಸಿದರು. ಬೇಸಿಗೆ ಮುಗಿಯುವಷ್ಟರಲ್ಲಿ ಸೀಳು ಬೆಳ್ಳಗಾಯಿತು.

ಆಗ ತಪಾಸಣೆಗೆ ಎಂಜಿನಿಯರ್ ಅರುಣ್ ಕುಮಾರ್ ಬಂದರು. ಹಿಂದೆ ಬೆನಕಪ್ಪ, ಅವನ ಹಿಂದೆ ಎಳನೀರು. ಸಾಹೇಬರು ಕಂಬದೆದುರು ಕುಕ್ಕರಗಾಲಲ್ಲಿ ಕೂತರು. ಭೂತಗನ್ನಡಿ ಹಿಡಿದರು.

"ವಂಡರ್‌ಫುಲ್. ನೋಡ್ರಿ, ಹೆಂಗ ತುಂಬೈತಿ!"

ಉಗುರಿನಿಂದ ಕೆರೆದು ನಾಲಿಗೆ ತುದಿಗೆ ಮುಟ್ಟಿಸಿಕೊಂಡರು. ಚಪ್ಪರಿಸಿದರು.

"ಸುಣ್ಣನ. ಅನುಮಾನ ಇಲ್ಲ."

ಅನುಮಾನ ನಮಗೂ ಇರಲಿಲ್ಲ. ಪುಷ್ಪಲತಾ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

"ಇಲ್ಲಿ ಸ್ವಲ್ಪ ಕೆಂಪಗೈತಲ್ಲ?" ಎಂದರು ಸಾಹೇಬರು.

"ಕಬ್ಬಿಣದ ಅಂಶ ಸರ್," ಎಂದ ಬೆನಕಪ್ಪ.

"ಇರಬಹುದು." ಸಾಹೇಬರು ಅದನ್ನೂ ಮುಟ್ಟಿ ನೋಡಿದರು. "ಆದ್ರ ಮ್ಯಾಲೆ ಯಾಕ ತುಂಬಿಲ್ಲ?"

ಬಿಳುಪು, ಕೂತವರ ಕೈ ನಿಲುಕುವ ತನಕ ಮಾತ್ರ ಇತ್ತು. ಅಲ್ಲಿಂದ ತೊಲೆಯ ತನಕ ಸೀಳು ಕಪ್ಪಗೆ ಬಾಯಿ ಬಿಟ್ಟಿತ್ತು.

"ಮ್ಯಾಗಿನವು ಇನ್ನ ಎದ್ದಿಲ್ಲ ಸರ್."

ಕರಿಯಕ್ಕ ಎದ್ದಳು. ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದಳು. ಬೆರಳು ತುಂಬ ಸುಣ್ಣ ತೆಗೆದುಕೊಂಡು ತುದಿಗಾಲ ಮೇಲೆ ನಿಂತು ಮೇಲಿನ ಸೀಳಿಗೆ ಉದ್ದಕ್ಕೆ ಎಳೆದಳು.

"ತಗಳ್ರಿ ಸಾಹೇಬ್ರ. ಮ್ಯಾಗಿನ ಹುಳಾನೂ ಎದ್ದುವು."

ಸಾಹೇಬರು ಡಬ್ಬಿ ನೋಡಿದರು, ಅವಳ ಕೆಂಪು ಬಾಯಿ ನೋಡಿದರು. ಜೀಪಿನ ಹಿಂದೆ ಹೋಗಿ ಬಹಳ ಹೊತ್ತು ಉಗಿದರು.

"ಏನ್ ಮುದುಕಿ, ಸರ್ಕಾರಿ ಗ್ವಾಡಿ ಹೊಲಸು ಮಾಡ್ತೀಯಾ?" ಬೆನಕಪ್ಪ ಕೂಗಿದ.

"ಹೊಲಸು ನಾ ಮಾಡಿದ್ದಲ್ಲಪ್ಪ. ನಿನ್ನ ಹೊಲಸಿಗೆ ಸುಣ್ಣ ಬಳದೀನಿ. ನಮ್ಮ ಹುಡ್ರು ಇದರ ಕೆಳಗ ಕೂರ್ತಾವ. ನಿನ್ನ ಮೊಮ್ಮಗನ್ನ ತಂದು ಕೂರಸು, ನೋಡಾನ!"

ಬೆನಕಪ್ಪ ಸಾಹೇಬರಿಗೆ ಎಳನೀರು ಕೊಡಲು ಓಡಿದ. ಅವರು ಬಾಯಿ ಮುಕ್ಕಳಿಸಿದರು, ಜೀಪು ಹತ್ತಿದರು, ಹೋದರು. ಬಾಯಿಗೆ ಬಂದ ಸತ್ಯವನ್ನು ಉಗಿದರೇ ಹೊರತು ಕಾಗದಕ್ಕೆ ಇಳಿಸಲಿಲ್ಲ. ವಾರದೊಳಗೆ ಸುದ್ದಿ ಬಂತು: ಪ್ರಯೋಗ ಯಶಸ್ವಿ, ಹಡಗಲಿ ಕಡೆಯ ಅಂಗನವಾಡಿಗಳಿಗೂ ಇದೇ ಕಾಂಕ್ರೀಟು, ಇದೇ ಬೆನಕಪ್ಪ. ನಮ್ಮ ಕಂಬಕ್ಕೆ ಮಾತ್ರ ಒಂದು ಬೋರ್ಡು ಬಂತು: "ಇಲ್ಲಿ ಸುಣ್ಣ ಒರೆಸಬಾರದು."

ಬೋರ್ಡಿಗೆ ಮೊಳೆ ಹೊಡೆದಾಗ ಕಂಬದಿಂದ ಮುಷ್ಟಿಯಷ್ಟು ಉದುರಿತು. ಒಳಗಿದ್ದ ಸಲಾಕೆ ತುಕ್ಕು ಹಿಡಿದಿತ್ತು.

ಮರುದಿನ ಕರಿಯಕ್ಕ ಅಮೃತಾಳನ್ನು ಒಳಗೆ ಬಿಡಲಿಲ್ಲ. ಉಳಿದ ತಾಯಂದಿರೂ ಬಿಡಲಿಲ್ಲ.

"ಯಕ್ಕ, ಒಳಗ ಕೂರಿಸಿ ಉಣ್ಣಾ ಫೋಟೋ ಕಳಿಸ್ಬೇಕು," ಪುಷ್ಪಲತಾ ಕಣ್ಣು ತುಂಬಿಕೊಂಡಳು. "ಇಲ್ಲಂದ್ರ ಹುಡ್ರಿಗೆ ಮೊಟ್ಟಿ ಬರಂಗಿಲ್ಲ. ನನ್ನ ಕೆಲಸಾನೂ ಇರಂಗಿಲ್ಲ."

"ಒಳಗ ಕೂರ್ಸಿದ್ರ ಮೊಟ್ಟಿ ತಿನ್ನಾಕ ಹುಡ್ರು ಇರಂಗಿಲ್ಲವ್ವ."

ಪುಷ್ಪಲತಾ ತೊಲೆಯ ಕಡೆ ನೋಡಿದಳು. ಒಲೆ ಆರಿಸಿದಳು. ಆಮೇಲೆ ಅನ್ನದ ಪಾತ್ರೆಯ ಒಂದು ಕಿವಿ ತಾನು ಹಿಡಿದು, "ಆ ಕಡಿ ಹಿಡೀರಿ," ಎಂದಳು. ಒಡೆದ ಅಂಗೈಗೆ ಬಟ್ಟೆ ಸುತ್ತಿಕೊಂಡು ಕರಿಯಕ್ಕ ಇನ್ನೊಂದು ಕಿವಿ ಹಿಡಿದಳು.

ಮೊಟ್ಟೆ ನಿಂತಿದೆ. ಪುಷ್ಪಲತಾಳಿಗೆ ನೋಟಿಸು ಬಂದಿದೆ. ಮಕ್ಕಳು ಬೇವಿನ ಮರದ ಕೆಳಗೆ ಉಣ್ಣುತ್ತಾರೆ. ಮೊದಲ ಮಳೆಗೆ ತೊಲೆ ಬಿತ್ತು.