ಕೊನೆಯ ಗದ್ದೆಯ ನಲವತ್ತು ನಿಮಿಷ

2025ರ ಫೆಬ್ರುವರಿ 9, ಭಾನುವಾರ. ಸುರೇಖಾ ಬರೆದ ತಂತ್ರಾಂಶ ಅಂದು 1,146 ಫೋನುಗಳಲ್ಲಿತ್ತು. ಕಾಲುವೆ ನೀರಿನ ಪಾಳಿಯಲ್ಲಿ ಯಾವ ಗದ್ದೆಗೆ ಎಷ್ಟು ನಿಮಿಷವೆಂದು ಅದು ಹೇಳುತ್ತಿತ್ತು. ಲಿಂಗಸುಗೂರಿನ ಕಾಲೇಜಿನಲ್ಲಿ ಗಣಿತ ಕಲಿಸುವ ಆಕೆ ಬಿಡುವಿನಲ್ಲಿ ಅದನ್ನು ಬರೆದು, ಯಾರಾದರೂ ಬಳಸಲಿ, ಯಾರಾದರೂ ತಿದ್ದಲಿ ಎಂದು ಒಳಗಿನ ಕೋಡ್ ಬರಹವನ್ನೆಲ್ಲ ತೆರೆದಿಟ್ಟಿದ್ದಳು. ತಪ್ಪಾದರೆ ತಾನು ಹೊಣೆಯಲ್ಲವೆಂದೂ ಬರೆದಿದ್ದಳು. ತಿದ್ದುವವರು ಯಾರೂ ಬರಲಿಲ್ಲ. ದೂರುಗಳು ಮಾತ್ರ ದಿನವೂ ಬಂದವು. ಬೇಸತ್ತು, ಅಂದೇ ಅದನ್ನು ಅಳಿಸಿಬಿಡುವುದೆಂದು ನಿಶ್ಚಯಿಸಿದ್ದಳು. ಅಷ್ಟರಲ್ಲಿ ದಢೇಸುಗೂರಿನಲ್ಲಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ವಿರೇಶನ ಕರೆ ಬಂತು; ಅವಳ ನಂಬರನ್ನು ಅವನು ಕಾಲೇಜಿನಲ್ಲಿ ಕೇಳಿ ಪಡೆದಿದ್ದ.

"ಮೇಡಮ್ಮಾರ, ಕೊನೀ ಗದ್ದಿಗೆ ನೀರು ಸಾಲವಲ್ದು. ನಿಮ್ಮ ಲೆಕ್ಕ ಒಮ್ಮಿ ಬಂದು ನೋಡ್ರಿ."

ಬಸ್ಸು ಮಸ್ಕಿ ದಾಟಿ ಸಿಂಧನೂರಿನತ್ತ ಸಾಗಿದಂತೆ ಬಯಲು ಹಸಿರಾಯಿತು. ಕಿಟಕಿಗೆ ತಲೆಯಾನಿಸಿದ ಸುರೇಖಾಳಿಗೆ ಅರೆನಿದ್ದೆ. ನಿಂತ ನೀರಿನಲ್ಲಿ ಆಕಾಶ ತುಂಡುತುಂಡಾಗಿ ಬಿದ್ದಿತ್ತು. ಪ್ರತಿ ಬದುವಿನ ಮೇಲೂ ಯಾರೋ ಫೋನು ಹಿಡಿದು, ಮಾತಿಲ್ಲದೆ, ತನ್ನನ್ನೇ ನೋಡುತ್ತ ನಿಂತಂತೆ ಕಂಡಿತು. ಕಣ್ಣು ತೆರೆದರೆ ಬೆಳ್ಳಕ್ಕಿಗಳು.

ಕೊನೆಯ ಗದ್ದೆ ಎಪ್ಪತ್ತರ ಗ್ಯಾನಮ್ಮನದು. ಅಂದು ಆಕೆಯದೇ ಪಾಳಿ; ವಿರೇಶನ ಜೊತೆ ತೂಬಿನ ಬಳಿ ಕಾದು ನಿಂತಿದ್ದಳು.

"ನೀನೇನವ್ವಾ ಫೋನಿನ್ಯಾಗಿನ ನೀರುಗಂಟಿ? ನಮ್ಮ ವಿರೇಶಗ ಮೀಸಿ ಅರ ಅದಾವ, ನಿನಗ ಅವೂ ಇಲ್ಲ."

ವಿರೇಶ ನಕ್ಕ. ಸುರೇಖಾ ನಗಲಿಲ್ಲ. "ನಾ ಪುಕ್ಕಟೆ ಕೊಟ್ಟೀನಿ, ಯವ್ವಾ. ಬಳಸ್ರಿ ಅಂತ ಯಾರಿಗೂ ಜುಲುಮಿ ಮಾಡಿಲ್ಲ."

"ಪುಕ್ಕಟೆ ಊಟಕ್ಕ ಕರದು ಕಲ್ಲು ಹಳ್ಳಿನ ಅನ್ನ ನೀಡ್ತಾರೇನು?"

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?"

"ಬರದು ಕಳಸಬೇಕಂತ. ನನಗ ಬರಿಯಾಕ ಬರಂಗಿಲ್ಲ. ಫೋನು ಸುಳ್ಳು ಹೇಳಂಗಿಲ್ಲ ಅಂತ ಸುಮ್ಮನಾದೆ."

ವಿರೇಶ ತೂಬು ಎತ್ತಿದ. ಒಣಗಿದ ಕಾಲುವೆಯಲ್ಲಿ ನೀರು ಹೊರಟಿತು. ಅದರ ಮುಂತುದಿಯ ಜೊತೆಗೇ ಸುರೇಖಾ ದಂಡೆಯ ಮೇಲೆ ನಡೆದಳು; ಅವರಿಬ್ಬರೂ ಹಿಂದೆ ಬಂದರು. ನೊರೆಯನ್ನೂ ತರಗೆಲೆಯನ್ನೂ ಹೊತ್ತ ನೀರು ಒಂದೊಂದು ಬಿರುಕಿನ ಬಳಿಯೂ ನಿಂತು, ಅದಕ್ಕೆ ಕುಡಿಸಿ, ಮತ್ತೆ ಹೊರಡುತ್ತಿತ್ತು. ನಡೆಯುತ್ತ ನಡೆಯುತ್ತ, ನೀರಲ್ಲ, ಹೊತ್ತೇ ನೆಲಕ್ಕೆ ಇಂಗುತ್ತಿದೆ ಎನ್ನಿಸಿತು ಅವಳಿಗೆ. ಗ್ಯಾನಮ್ಮನ ಬದು ಮುಟ್ಟುವಾಗ ನಲವತ್ತು ನಿಮಿಷ ಕಳೆದಿತ್ತು.

"ಹಿಂದಕ ನಾವು ನೀರು ಬದು ಮುಟ್ಟಿದ ಮ್ಯಾಲ ಹೊತ್ತು ಎಣಸ್ತಿದ್ವಿ," ಎಂದ ವಿರೇಶ.

ತಂತ್ರಾಂಶ ತೂಬು ಎತ್ತಿದ ಗಳಿಗೆಯಿಂದಲೇ ಎಣಿಸುತ್ತಿತ್ತು. ಬರೆಯುವಾಗ ಒಬ್ಬ ನೀರುಗಂಟಿಯನ್ನಾದರೂ ಕೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಪಾಳಿಗೆ ನಲವತ್ತರಂತೆ, ಹಿಂದಿನ ಹನ್ನೊಂದು ಪಾಳಿಗಳಲ್ಲಿ ಗ್ಯಾನಮ್ಮ ಕಳೆದುಕೊಂಡದ್ದು 440 ನಿಮಿಷ.

ಅಳಿಸಿದರೆ ಬಿಡುಗಡೆ ತನಗೊಬ್ಬಳಿಗೇ. ಆ ತಪ್ಪು ಆಗಲೇ ಇಳಿಸಿಕೊಂಡ ಅಷ್ಟೂ ಫೋನುಗಳಲ್ಲಿ ಎಣಿಸುತ್ತಲೇ ಇರುವುದು. ಬದುವಿನ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದಳು. ಹೊತ್ತು ವಾಲುವ ಮುನ್ನ ತಿದ್ದುಪಡಿ ಮುಗಿಯಿತು. ಬರೆಯಲು ಬಾರದವರು ಕರೆದು ಹೇಳಲಿ ಎಂದು ತನ್ನ ನಂಬರನ್ನೂ ಸೇರಿಸಿ ಎಲ್ಲರಿಗೂ ಕಳಿಸಿದಳು.

"ಹೋದ ನೀರು?" ಎಂದಳು ಗ್ಯಾನಮ್ಮ.

"ಅದನ್ನ ಕೊಡಾಕ ನನ್ನಿಂದ ಆಗಂಗಿಲ್ಲ, ಯವ್ವಾ."

"ಗೊತ್ತೈತಿ ಬಿಡು. ಕೇಳಿಟ್ಟೆ, ಅಷ್ಟ."

ಮುದುಕಿ ಸಲಿಕೆ ಹಿಡಿದು ಗದ್ದೆಗಿಳಿದಳು. 440 ನಿಮಿಷ ಸುರೇಖಾಳ ಹೆಸರಿನಲ್ಲಿ ಬಾಕಿ ಉಳಿಯಿತು. ಇಂಥ ಕೊನೆಯ ಗದ್ದೆಗಳು ಇನ್ನೆಷ್ಟಿದ್ದವೋ, ಆ ಸಂಖ್ಯೆ ಅವಳಿಗೆ ತಿಳಿದಿರಲಿಲ್ಲ.