ಮೂರು ಬೊಟ್ಟಿನ ಡಬ್ಬಿ

ಕಣ್ಣಿದ್ದವರು ಅಂಗಡಿಗೆ ಹೋಗಿ ಹತ್ತು ಡಬ್ಬಿ ನೋಡಿ, ಹನ್ನೊಂದನೆಯದನ್ನು ಕೊಂಡು, ಮನೆಗೆ ಬಂದ ಮೇಲೆ ಹನ್ನೆರಡನೆಯದೇ ಚೆನ್ನಾಗಿತ್ತು ಎಂದು ಪೇಚಾಡುತ್ತಾರೆ. ಚುಕ್ಕಿಯಮ್ಮನಿಗೆ ಆ ಭಾಗ್ಯವೂ ಇರಲಿಲ್ಲ. ಹುಟ್ಟುಕುರುಡಿಯಾದ ಅವಳಿಗೆ ಸೌಂದರ್ಯ ಸಾಮಗ್ರಿಯ ಅಂಗಡಿಯೆಂದರೆ ಒಂದೇ ಅಚ್ಚಿನ ನುಣುಪು ಡಬ್ಬಿಗಳ ಸಾಲು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗುಲಾಬಿ ನೀರೆಂದುಕೊಂಡು ನೇಲ್ ಪಾಲಿಶ್ ಅಳಿಸುವ ದ್ರವವನ್ನು ಮುಖಕ್ಕೆ ಬಳಿದುಕೊಂಡು, ಮೂರು ದಿನ ಉರಿಯುವ ಕೆನ್ನೆ ಹಿಡಿದು ಕೂತಿದ್ದಳು.

ಅವಳ ಅಕ್ಕ ಬೊಟ್ಟಿಡಲು ಶುರು ಮಾಡಿದ್ದು ಅಂದಿನಿಂದ. ಮನೆಯ ಪ್ರತಿ ಮುಚ್ಚಳದ ಮೇಲೂ ಕೆಂಪು ನೇಲ್ ಪಾಲಿಶಿನ ಬೊಟ್ಟು. ಒಂದಿದ್ದರೆ ಮುಖಕ್ಕೆ, ಎರಡಿದ್ದರೆ ತಲೆಗೆ, ಮೂರಿದ್ದರೆ ಆ ಡಬ್ಬಿಯ ತಂಟೆಗೇ ಹೋಗುವಂತಿಲ್ಲ. "ಒಣಗೋವರೆಗೂ ಬೆರಳಿಡಬೇಡ ಕಣೇ" ಎಂದು ಅಕ್ಕ ಪ್ರತಿ ಸಲ ಗದರುತ್ತಿದ್ದಳು. ತಂಗಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಅಕ್ಕ ಅತ್ತ ತಿರುಗುವುದೇ ತಡ, ಇಟ್ಟೇ ಇಡುತ್ತಿದ್ದಳು. ಹೀಗಾಗಿ ಆ ಮನೆಯ ಬೊಟ್ಟುಗಳಿಗೆಲ್ಲ ನೆತ್ತಿ ಚಪ್ಪಟೆ.

ಅಕ್ಕ ಇಪ್ಪತ್ತೆರಡು ವರ್ಷ ಲಿಪ್‌ಸ್ಟಿಕ್ ಕೌಂಟರಿನಲ್ಲಿ ನಿಂತು ದುಡಿದವಳು. ಹೋದ ವರ್ಷ ಒಂದು ಮಧ್ಯಾಹ್ನ ಅದೇ ಕೌಂಟರಿನ ಹಿಂದೆ ಕುಸಿದವಳು ಮತ್ತೆ ಏಳಲಿಲ್ಲ. ಆಮೇಲೆ ಮನೆಯ ಬೊಟ್ಟುಗಳೂ ಒಂದೊಂದಾಗಿ ಕಳಚತೊಡಗಿದವು. ಕೈಗೆ ಸಿಕ್ಕ ಚಕ್ಕೆಗಳನ್ನು ತಂಗಿ ಬೆಂಕಿಪೊಟ್ಟಣದಲ್ಲಿ ಎತ್ತಿಟ್ಟಳು. ಅಕ್ಕನ ನೇಲ್ ಪಾಲಿಶ್ ಸೀಸೆ ಒಳಗೇ ಒಣಗಿ ಕಲ್ಲಾಗಿತ್ತು. ಅದನ್ನು ಎಸೆಯಲು ಅವಳಿಗೆ ಮನಸ್ಸು ಬರಲಿಲ್ಲ.

ಅಕ್ಕ ದುಡಿದ ಅಂಗಡಿಯ ಮಾಲಕಿ ಒಂದು ದಿನ ಮನೆಗೇ ಬಂದಳು. ಕಣ್ಣು ಕಾಣದವರು ಯಾರ ಹಂಗೂ ಇಲ್ಲದೆ ತಾವೇ ಆರಿಸಿಕೊಳ್ಳುವಂತೆ ಅಂಗಡಿಯ ಒಂದು ಗೋಡೆಯುದ್ದಕ್ಕೂ ಡಬ್ಬಿಗಳನ್ನು ಜೋಡಿಸಬೇಕೆಂದು ಅವಳ ಆಸೆ. ಬ್ರೈಲ್ ಚೀಟಿ ಮಾಡಿ ಅಂಟಿಸುವ ಕೆಲಸ ತಂಗಿಗೆ ಸಿಕ್ಕಿತು. ಕೌಂಟರಿನ ಹುಡುಗಿ, ಬಾಯಿಗೆ ಬಿಡುವೇ ಇಲ್ಲದ್ದರಿಂದ ಎಲ್ಲರೂ ಪಟಪಟಿ ಎನ್ನುವವಳು, ಹೆಸರು ಓದಿ ಹೇಳುವಳು. ಇವಳು ತೆಳು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಚುಕ್ಕಿ ಒತ್ತಿ ಡಬ್ಬಿಗೆ ಅಂಟಿಸುವಳು. ಚುಕ್ಕಿಯಮ್ಮ ಎಂದು ಕರೆದವಳೂ ಪಟಪಟಿಯೇ. ನಲವತ್ತೊಂದು ವರ್ಷಕ್ಕೆ ಮೊದಲ ಕೆಲಸ. ಚುಕ್ಕಿಯಮ್ಮ ಬೀಗುತ್ತಿದ್ದಳು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ.

ಆ ಗೋಡೆಯನ್ನು ಜನಕ್ಕೆ ತೆರೆಯುವ ದಿನ ಬಂತು. ಹನ್ನೊಂದಕ್ಕೆ ಅಂಧರ ಸಂಘದ ಮೂವತ್ತು ಹೆಂಗಸರು ಬರುವವರಿದ್ದರು. ಒಬ್ಬೊಬ್ಬರೂ ಮುಖದ ಕ್ರೀಮಿನ ಡಬ್ಬಿಯೊಂದನ್ನು ತಾವೇ ಓದಿ, ಆರಿಸಿ, ಅಲ್ಲೇ ಹಚ್ಚಿಕೊಂಡು ನೋಡಬೇಕು. ಒಂಬತ್ತೂವರೆಗೆ ಚುಕ್ಕಿಯಮ್ಮ ಕೊನೆಯ ಸಲ ಸಾಲುಗಳ ಮೇಲೆ ಕೈಯಾಡಿಸುತ್ತ ಬಂದಳು. ಕ್ರೀಮಿನ ಸಾಲಿನ ಮೊದಲ ಡಬ್ಬಿಯ ಮುಚ್ಚಳ ನುಣುಪು, ಎರಡನೆಯದರದೂ ನುಣುಪು. ಮೂರನೆಯದರ ಮುಚ್ಚಳದ ಮೇಲೆ ಬೆರಳು ನಿಂತಿತು.

ಮೂರು ಬೊಟ್ಟು. ಇನ್ನೂ ಹಸಿ.

ಅವಳು ಕೈಯನ್ನು ಮುಂದೆ ಸರಿಸಿದಳು. ಐದನೆಯದರ ಮೇಲೂ ಮೂರು. ಎಂಟನೆಯದರ ಮೇಲೂ ಮೂರು.

"ಮೇಡಂ, ಈ ಮುಚ್ಚಳದ ಮೇಲೆ ಏನಿದೆ?"

ಮಾಲಕಿ ಬಂದು ನೋಡಿದಳು. "ಏನೂ ಇಲ್ವಲ್ಲಮ್ಮ. ಕನ್ನಡಿ ಹಾಗಿದೆ."

"ನೇಲ್ ಪಾಲಿಶ್ ವಾಸನೆ ಬರ್ತಿದೆ ಆದ್ರೆ," ಎಂದಳು ಪಟಪಟಿ. "ಇಲ್ಲಿ ಯಾರೂ ಸೀಸೆ ತೆಗ್ದಿಲ್ಲ."

ಚುಕ್ಕಿಯಮ್ಮ ಇನ್ನೊಮ್ಮೆ ಮುಚ್ಚಳ ಸವರಿದಳು, ಮೂರು ಬೊಟ್ಟೂ ಅಲ್ಲೇ ಇದ್ದವು. ಸತ್ತ ಅಕ್ಕ ಬೊಟ್ಟಿಟ್ಟಿದ್ದಾಳೆ ಎಂದರೆ ತಲೆ ಕೆಟ್ಟವಳೆನ್ನುತ್ತಾರೆ, ಕೆಲಸ ಇವತ್ತಿಗೇ ಮುಗಿಯಿತು. ಹೇಳದಿದ್ದರೆ ಮೂವತ್ತು ಹೆಂಗಸರು ತನ್ನ ಚುಕ್ಕಿಯನ್ನು ನಂಬಿ ಈ ಡಬ್ಬಿಗೆ ಕೈ ಹಾಕುತ್ತಾರೆ.

"ಮೇಡಂ, ಈ ಡಬ್ಬಿ ತಳದಲ್ಲಿರೋದನ್ನ ಓದಿ."

"ಎಲ್ಲಾ ಅವತ್ತೇ ಓದಿ ಆಯ್ತಲ್ಲ. ಬರೋರು ಬರೋ ಹೊತ್ತಾಯ್ತು, ಈಗ ಹೊಸ ತಕರಾರು ತೆಗೀಬೇಡ."

"ಅವತ್ತು ಪೆಟ್ಟಿಗೆ ಓದಿದ್ದು. ಡಬ್ಬಿ ಓದ್ಲಿಲ್ಲ."

ಮಾಲಕಿ ಆಗಲೇ ಬಾಗಿಲ ಕಡೆ ಹೊರಟಿದ್ದಳು. ಚುಕ್ಕಿಯಮ್ಮ ಮತ್ತೆ ಕೂಗಲಿಲ್ಲ. ಮೂರು ಬೊಟ್ಟನ್ನು ಅವಳು ಜೀವಮಾನದಲ್ಲಿ ಮೀರಿದವಳಲ್ಲ. ಇವತ್ತು ಮೀರಿದಳು. ಡಬ್ಬಿಯ ಮುಚ್ಚಳ ತಿರುಗಿಸಿ, ಎರಡು ಬೆರಳಲ್ಲಿ ಕ್ರೀಮು ತೆಗೆದು ಎಡ ಮುಂಗೈಗೆ ಬಳಿದುಕೊಂಡು ಸ್ಟೂಲಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಚುರುಚುರು ಎನ್ನತೊಡಗಿತು. ಹಲ್ಲು ಕಚ್ಚಿಕೊಂಡಳು. ಬಟ್ಟೆಯಿಂದ ಒರೆಸಿದಾಗ ಮುಂಗೈ ಮಗುವಿನ ಕೆನ್ನೆಯಂತೆ ಬೋಳಾಗಿತ್ತು.

"ಅಯ್ಯೋ, ಬಟ್ಟೆ ತುಂಬ ಕೂದ್ಲು," ಎಂದಳು ಪಟಪಟಿ.

ಮಾಲಕಿ ಓಡಿಬಂದು ಡಬ್ಬಿಯ ತಳ ಓದಿದಳು. ಕೈಕಾಲಿನ ಕೂದಲು ತೆಗೆಯುವ ಕ್ರೀಮು. ಕಂಪೆನಿ ಒಂದೇ, ಡಬ್ಬಿಯ ಅಚ್ಚೂ ಒಂದೇ. ಗೋದಾಮಿನಲ್ಲಿ ಯಾರೋ ಎರಡನ್ನೂ ಒಂದೇ ಪೆಟ್ಟಿಗೆಗೆ ತುಂಬಿದ್ದರು. ಪಟಪಟಿ ಪೆಟ್ಟಿಗೆಯ ಮೇಲಿನ ಹೆಸರನ್ನು ಒಂದು ಸಲ ಓದಿದ್ದಳು. ಚುಕ್ಕಿಯಮ್ಮ ಕೈಗೆ ಒಂದೇ ಥರ ಸಿಕ್ಕ ನಲವತ್ತು ಡಬ್ಬಿಗೂ 'ಮುಖಕ್ಕೆ' ಎಂದು ಚುಕ್ಕಿ ಅಂಟಿಸಿದ್ದಳು. ಹುಬ್ಬು ಕಳೆದುಕೊಂಡು, ಮುಖ ಸುಟ್ಟುಕೊಂಡು ಮನೆಗೆ ಹೋಗಬೇಕಿದ್ದವರಿಗೆ ಸುಳ್ಳು ಹೇಳಿದ್ದು ಅವಳದೇ ಬೆರಳು. ಅವಳಿಗೆ ಅಳು ಉಕ್ಕಿ ಬಂತು. ಮುಂಗೈ ಉರಿಗಿಂತ ಆ ನಾಚಿಕೆಯ ಉರಿಯೇ ಹೆಚ್ಚಾಗಿತ್ತು.

ಅಳುತ್ತಲೇ ಎದ್ದು ಸಾಲಿನ ಮೇಲೆ ಕೈಯಾಡಿಸಿದಳು. ಬೊಟ್ಟು ಸಿಕ್ಕಿದ್ದನ್ನು ಪಕ್ಕಕ್ಕಿಟ್ಟಳು, ಸಿಗದ್ದನ್ನು ಅಲ್ಲೇ ಬಿಟ್ಟಳು. ತೆರೆದಿದ್ದೂ ಸೇರಿ ಒಂಬತ್ತಾದವು. ಮಾಲಕಿ ನಲವತ್ತರ ತಳವನ್ನೂ ಓದಿದಳು. ಒಂಬತ್ತೂ ಅವೇ. ಹತ್ತನೆಯದಿರಲಿಲ್ಲ.

"ನಿನಗೆ ಹೇಗಮ್ಮ ಗೊತ್ತಾಯ್ತು?"

"ಅಕ್ಕ ಹೇಳಿದ್ಲು."

ಪಟಪಟಿ ಚುಕ್ಕಿಯಮ್ಮನ ಕೈ ಹಿಡಿದು ಬೆರಳ ತುದಿ ನೋಡಿದಳು. "ಕೆಂಪು ಹತ್ತಿದೆ. ಅಕ್ಕಾವ್ರು ಹಚ್ಕೋತಿದ್ದ ಕೆಂಪು," ಎಂದಳು.

ಹೆಂಗಸರು ಬಂದರು, ಡಬ್ಬಿಗಳನ್ನು ಓದಿದರು, ಕ್ರೀಮು ಹಚ್ಚಿಕೊಂಡು ನಕ್ಕರು. ಅವರಲ್ಲೊಬ್ಬಳು ತನ್ನ ಲಿಪ್‌ಸ್ಟಿಕ್ ತಾನೇ ಆರಿಸಿದ್ದು ಇದೇ ಮೊದಲು ಎಂದು ಮೂರು ಸಲ ಹೇಳಿದಳು.

ಸಂಜೆ ಮನೆಗೆ ಬಂದ ಚುಕ್ಕಿಯಮ್ಮ ಕಾಲನ್ನೂ ತೊಳೆಯದೆ ಅಕ್ಕನ ಕಪಾಟು ತೆರೆದಳು. ಕಲ್ಲಾಗಿದ್ದ ನೇಲ್ ಪಾಲಿಶ್ ಸೀಸೆಯನ್ನು ಕೈಗೆತ್ತಿಕೊಂಡಾಗ ಒಳಗೆ ಏನೋ ಗುಳುಕ್ ಎಂದಿತು. ಮುಚ್ಚಳ ತಿರುಗಿಸಲು ಹೋದ ಬೆರಳಿಗೆ ಮೆತ್ತಗೆ ಮೂರು ಬೊಟ್ಟು ಸಿಕ್ಕವು.

ಇದನ್ನು ತೆರೆಯಬೇಡ ಅನ್ನುತ್ತಿದ್ದಾಳೆ. ಇನ್ನು ನನ್ನನ್ನು ಹುಡುಕಬೇಡ ಅನ್ನುತ್ತಿದ್ದಾಳೆ. ಚುಕ್ಕಿಯಮ್ಮನಿಗೆ ಅರ್ಥವಾಯಿತು. ಭಯವೂ ಆಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಅವಳು ಮುಚ್ಚಳ ತೆರೆಯಲಿಲ್ಲ. ಆದರೆ ಒಣಗುವವರೆಗೂ ಬೆರಳಿಡಬೇಡ ಎನ್ನುತ್ತಿದ್ದವಳ ಮಾತನ್ನು ಯಾವತ್ತು ಕೇಳಿದ್ದಳು? ಮೂರರ ಮೇಲೂ ಮೂರು ಬೆರಳಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಳು.

ಬೊಟ್ಟುಗಳು ಗಟ್ಟಿಯಾದ ಮೇಲೆ ಸವರಿ ನೋಡಿದಳು. ಮೂರಕ್ಕೂ ನೆತ್ತಿ ಚಪ್ಪಟೆ. ಸೀಸೆಯನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಿದಳು. ಒಳಗಿನಿಂದ ಸದ್ದೇ ಬರಲಿಲ್ಲ.